ಮನೆ ತೋಟಕ್ಕೆ ಯಾವ ಸ್ವಿಸ್ ಚಾರ್ಡ್ ಹಾಕೋದು? ಪದೇ ಪದೇ ಕೇಳೋ ಪ್ರಶ್ನೆಗಳು

ಬೆಂಗಳೂರಲ್ಲಿ ನಮ್ಮನೆ ಟೆರೇಸ್ ಮೇಲೆ ಆರು ವರ್ಷದಿಂದ ಸ್ವಿಸ್ ಚಾರ್ಡ್ ಅನ್ನೋ ಸೊಪ್ಪು ಬೆಳೀತಾ ಇದೀನಿ. ಬಟ್ಟೆ ಒಣಗಾಕಕ್ಕೆ ಬರೋ ಪಕ್ಕದ್ಮನೆಯವ್ರಿಂದ ಹಿಡ್ದು ಟ್ಯಾಂಕ್ ತೊಳೆಯೋಕೆ ಬರೋರವರೆಗೂ ಎಲ್ಲರೂ ಆ ಕೆಂಪು ದಂಟಿನ ಮುಂದೆ ನಿಂತು ಇದೇನಿದು ಅಂತ ಕೇಳೇ ಕೇಳ್ತಾರೆ. ಆಮೇಲೆ ಬೀಜ ಎಲ್ಲಿ, ಯಾವ ತಳಿ, ನಮ್ಮನೇಲಿ ಬರತ್ತಾ ಅಂತ ಶುರು. ಎಲ್ಲರಿಗೂ ಬೇರೆ ಬೇರೆ ಹೇಳೋ ಬದ್ಲು ಇಲ್ಲಿ ಒಂದೇ ಕಡೆ ಬರೆದಿಡ್ತಿದೀನಿ.

ಇದು ಪಾಲಕ್ ಜಾತೀನಾ, ಬೀಟ್‌ರೂಟ್ ಜಾತೀನಾ?

ಎರಡೂ ಹೌದು. ಬೀಟ್‌ರೂಟ್ ಬೀಜ, ನಮ್ಮ ಅಂಗಡೀಲಿ ಸಿಗೋ ಪಾಲಕ್ ಬೀಜ, ಚಾರ್ಡ್ ಬೀಜ ಮೂರನ್ನೂ ಅಂಗೈ ಮೇಲೆ ಇಟ್ಕೊಂಡು ನೋಡಿ. ಮೂರೂ ಒಂದೇ ತರ, ಕಂದು ಬಣ್ಣ, ಒರಟು, ಸುಕ್ಕುಸುಕ್ಕು ಗಂಟು, ಕಲೆಸಿಬಿಟ್ರೆ ಯಾವ್ದು ಯಾವ್ದು ಅಂತ ನನಗೂ ಹೇಳೋಕಾಗಲ್ಲ. ಯಾಕಂದ್ರೆ ಮೂರೂ ಒಂದೇ ಸಸ್ಯ, ಬೀಟಾ ವಲ್ಗ್ಯಾರಿಸ್. ಮೆಡಿಟರೇನಿಯನ್ ಸಮುದ್ರದ ಸುತ್ತಮುತ್ತ ದಡದಲ್ಲಿ ತಾನಾಗೇ ಬೆಳೆಯೋ ಕಾಡು ಬೀಟ್ ಗಿಡದಿಂದ ಬಂದಿದ್ದು ಇವೆಲ್ಲ. ಗೆಡ್ಡೆಗೋಸ್ಕರ ಆರಿಸ್ಕೊಂಡು ಬಂದಿದ್ದು ಬೀಟ್‌ರೂಟ್ ಆಯ್ತು, ಎಲೆ ಮತ್ತೆ ದಂಟಿಗೋಸ್ಕರ ಆರಿಸಿದ್ದು ಚಾರ್ಡ್ ಆಯ್ತು. ಹೆಸರಲ್ಲಿ ಸ್ವಿಸ್ ಇದ್ರೂ ಇದು ಹುಟ್ಟಿದ್ದು ಸ್ವಿಟ್ಜರ್ಲೆಂಡಲ್ಲಲ್ಲ.

ಇನ್ನೊಂದು ವಿಷ್ಯ ತುಂಬ ಜನಕ್ಕೆ ಗೊತ್ತಿಲ್ಲ. ಇಂಗ್ಲಿಷ್ ವಿಡಿಯೋಗಳಲ್ಲಿ ಸ್ಪಿನಾಚ್ ಅಂತ ತೋರಿಸ್ತಾರಲ್ಲ ಅದು ನಮ್ಮ ಮಾರ್ಕೆಟ್ ಪಾಲಕ್ ಅಲ್ಲ, ಅದು ಬೇರೆ ಗಿಡ, ವಿಲಾಯತಿ ಪಾಲಕ್ ಅಂತಾರೆ, ಅದಕ್ಕೆ ಚಳಿ ಬೇಕು. ನಮ್ಮ ಪಾಲಕ್ ಬೀಟ್ ಮನೆತನದ್ದು, ಚಾರ್ಡಿಗೆ ಅಣ್ಣನೋ ತಮ್ಮನೋ ಆಗ್ಬೇಕು. ಹಾಗಾಗಿ ನೀವು ಒಂದ್ಸಲ ಪಾಲಕ್ ಬೆಳೆದಿದೀರಾ ಅಂದ್ರೆ ಚಾರ್ಡಿಗೆ ಹೆದರೋದೇ ಬೇಡ.

ಹಾಗಾದ್ರೆ ಪಾಲಕ್ಕೇ ಸಾಕಲ್ವಾ, ಇದ್ಯಾಕೆ ಬೇಕು?

ನಿಮಗೆ ಬೇಗ ಸೊಪ್ಪು ಬೇಕು, ಜಾಗ ಕಮ್ಮಿ, ಎರಡು ಸಲ ಕುಯ್ದು ಮುಗಿಸ್ಬೇಕು ಅನ್ನೋದಾದ್ರೆ ಪಾಲಕ್ಕೇ ಸರಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನುಪಮ ಹಾಕಿ, ಎಲೆ ದೊಡ್ಡದು, ಕಡು ಹಸಿರು, ಚೆನ್ನಾಗಿದೆ. ಚಾರ್ಡ್ ಹಾಗಲ್ಲ. ಬೀಜ ಹಾಕಿ ಸುಮಾರು 50-60 ದಿನ ಕಾಯ್ಬೇಕು ಸರಿಯಾದ ಮೊದಲ ಕೊಯ್ಲಿಗೆ. ಆದ್ರೆ ಒಂದ್ಸಲ ಶುರುವಾದ್ರೆ ತಿಂಗಳುಗಟ್ಲೆ ಕೊಡತ್ತೆ, ಹೊರಗಿನ ಎಲೆ ಮುರ್ಕೋತಾ ಹೋಗಿ, ಒಳಗಿಂದ ಹೊಸದು ಬರ್ತಾನೇ ಇರತ್ತೆ. ನಮ್ಮನೇಲಿ ಒಂದು ಗಿಡ ಅಕ್ಟೋಬರಲ್ಲಿ ನೆಟ್ಟಿದ್ದು ಮುಂದಿನ ಜೂನ್ ಮಳೆವರೆಗೂ ಇತ್ತು.

ಇನ್ನೊಂದು ದಂಟು. ಪಾಲಕ್ ದಂಟು ಎಲೆ ಜೊತೆ ಬೆಂದು ಹೋಗತ್ತೆ ಅಷ್ಟೇ. ಚಾರ್ಡ್ ದಂಟು ಬೇರೇನೇ ತರಕಾರಿ. ತಳಿ ಆರಿಸುವಾಗ ನಾನು ಮೊದಲು ನೋಡೋದು ಇದನ್ನೇ: ನಿಮ್ಮ ಅಡುಗೆಮನೇಲಿ ಈ ದಂಟನ್ನ ಏನು ಮಾಡ್ತೀರಾ? ಅದು ಗೊತ್ತಾದ್ರೆ ಯಾವ ತಳಿ ಅನ್ನೋದು ತಾನಾಗೇ ಗೊತ್ತಾಗತ್ತೆ, ಪ್ಯಾಕೆಟ್ ಮೇಲಿನ ಫೋಟೋ ನೋಡಿ ಆರಿಸಬೇಡಿ.

ಮೊದಲನೇ ಸಲ ಹಾಕ್ತಿದೀನಿ, ಒಂದೇ ಒಂದು ತಳಿ ಹೇಳಿ ಅಕ್ಕ

ಫೋರ್ಡ್‌ಹುಕ್ ಜೈಂಟ್. ಕಣ್ಮುಚ್ಕೊಂಡು ತಗೊಳ್ಳಿ.

ಫೋರ್ಡ್‌ಹುಕ್ ಅನ್ನೋದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಬರ್ಪೀ ಅನ್ನೋ ಬೀಜದ ಕಂಪನಿಯವ್ರ ಫಾರಂ ಹೆಸರು, ತಳಿಗೆ ಅದೇ ಹೆಸರು ಬಂತು. ಹಳೇ ತಳಿ. ಎಲೆ ಕಡು ಹಸಿರು, ಉಬ್ಬುಉಬ್ಬಾಗಿ ಸುಕ್ಕಾಗಿರತ್ತೆ, ದಂಟು ಬೆಳ್ಳಗೆ ಅಗಲವಾಗಿ ಎರಡು ಬೆರಳು ಗಾತ್ರ ಬರತ್ತೆ. ಬಿಸಿಲು ತಡ್ಕೊಳತ್ತೆ, ಗಿಡ ಗಟ್ಟಿ, ನೀರು ಒಂದಿನ ತಪ್ಪಿದ್ರೂ ಸಂಜೆ ಹಾಕಿದ್ರೆ ಬೆಳಗ್ಗೆ ಹೊತ್ತಿಗೆ ಎದ್ದು ನಿಂತಿರತ್ತೆ. ನಾಲ್ಕು ಗಿಡ ಇದ್ರೆ ನಾಲ್ಕು ಜನದ ಮನೆಗೆ ವಾರಕ್ಕೊಂದ್ಸಲ ಸೊಪ್ಪಿನ ಅಡುಗೆಗೆ ಸಾಕು, ನಮ್ಮನೇಲಿ ಹಾಗೇ ನಡೀತಿದೆ.

ಆ ಬಿಳಿ ದಂಟನ್ನ ಸಣ್ಣಗೆ ಹೆಚ್ಚಿ ಕಡಲೆಬೇಳೆ ಜೊತೆ ಪಲ್ಯ ಮಾಡಿ, ಒಗ್ಗರಣೆಗೆ ಇಂಗು, ಒಣಮೆಣಸಿನಕಾಯಿ, ಕೊನೇಲಿ ತೆಂಗಿನತುರಿ. ಇಲ್ಲಾ ದಂಟಿನ ಸೊಪ್ಪಿನ ದಂಟು ಹಾಕಿ ಹುಳಿ ಮಾಡ್ತೀವಲ್ಲ ಅದೇ ತರ ಹುಳಿ. ದಂಟಿನ ಸೊಪ್ಪಲ್ಲಿ ನಾರು ಅಗಿದು ಉಗೀಬೇಕು, ಇದ್ರಲ್ಲಿ ಆ ತೊಂದ್ರೆ ಕಮ್ಮಿ. ತುಂಬ ಬಲ್ತಿದ್ರೆ ಮಾತ್ರ ಹೀರೇಕಾಯಿ ನಾರು ತೆಗೆಯೋ ಹಾಗೆ ಹಿಂದುಗಡೆ ಎಳೆ ಎಳೆದು ಬಿಡಿ.

ಬಣ್ಣಬಣ್ಣದ ದಂಟಿಂದು ನೋಡಿದ್ದೆ, ಅದೇ ಬೇಕು. ಚೆನ್ನಾಗಿ ಬರತ್ತಾ?

ಬರತ್ತೆ. ಬ್ರೈಟ್ ಲೈಟ್ಸ್ ಅಂತ ಕೇಳಿ. ನ್ಯೂಜಿಲೆಂಡಿನಲ್ಲಿ ಮನೆತೋಟದ ಹುಚ್ಚಿದ್ದ ಒಬ್ಬರು ಬೇರೆ ಬೇರೆ ಬಣ್ಣದ ಗಿಡಗಳನ್ನ ವರ್ಷಗಟ್ಲೆ ಆರಿಸಿ ಆರಿಸಿ ಮಾಡಿದ್ದು, 1998ರಲ್ಲಿ ಅಮೆರಿಕದಲ್ಲಿ ಹೊಸ ತಳಿಗಳಿಗೆ ಕೊಡೋ ಆಲ್ ಅಮೆರಿಕ ಸೆಲೆಕ್ಷನ್ಸ್ ಪ್ರಶಸ್ತಿ ಬಂತು. ಒಂದೇ ಪ್ಯಾಕೆಟಲ್ಲಿ ಕೆಂಪು, ಗುಲಾಬಿ, ಹಳದಿ, ಕಿತ್ತಳೆ, ಬಿಳಿ ಎಲ್ಲಾ ಬರತ್ತೆ. ಬೆಳಗ್ಗೆ ಎಳೇ ಬಿಸಿಲು ಹಿಂದುಗಡೆಯಿಂದ ಬೀಳುವಾಗ ಹಳದಿ ದಂಟಿನ ಗಿಡದ ಮುಂದೆ ಒಂದ್ನಿಮಿಷ ಕೂತ್ಕೊಳ್ಳಿ, ದಂಟಿನೊಳಗೆ ದೀಪ ಹಚ್ಚಿಟ್ಟ ಹಾಗೆ ಕಾಣತ್ತೆ, ಎಲೆ ನರಕ್ಕೆಲ್ಲ ಅದೇ ಹಳದಿ ಹರಿದಿರತ್ತೆ. ನನಗೆ ಈ ಗಿಡದ ಮೇಲೆ ಪ್ರೀತಿ ಬಂದಿದ್ದೇ ಹಾಗೆ.

ಆದ್ರೆ ಮೂರು ವಿಷ್ಯ ತಿಳ್ಕೊಂಡು ಹಾಕಿ. ಬಣ್ಣದ ಗಿಡ ಫೋರ್ಡ್‌ಹುಕ್ಕಿನಷ್ಟು ದಪ್ಪ ಬರಲ್ಲ, ಸೊಪ್ಪಿನ ಲೆಕ್ಕದಲ್ಲಿ ಕಮ್ಮೀನೇ. ಎರಡನೇದು, ಒತ್ತಾಗಿ ಬಂದ ಸಸಿ ಕಮ್ಮಿ ಮಾಡುವಾಗ ದೊಡ್ಡದನ್ನಷ್ಟೇ ಉಳಿಸಿ ಚಿಕ್ಕದನ್ನೆಲ್ಲ ತೆಗೀಬೇಡಿ, ಜೋರಾಗಿ ಬೆಳೆಯೋದು ಸಾಮಾನ್ಯವಾಗಿ ಬಿಳಿ ಮತ್ತೆ ಕೆಂಪೇ, ಹಾಗೆ ಮಾಡಿದ್ರೆ ಹಳದಿ ಕಿತ್ತಳೆ ಎಲ್ಲಾ ಕಸಕ್ಕೆ ಹೋಗ್ಬಿಡತ್ತೆ. ಮೊಳಕೆ ಬಂದು ವಾರಕ್ಕೇ ಕಾಂಡದ ಬುಡದಲ್ಲಿ ಬಣ್ಣ ಕಾಣತ್ತೆ, ಬಗ್ಗಿ ನೋಡಿ, ಬಣ್ಣಕ್ಕೊಂದು ಇರೋ ಹಾಗೆ ಉಳಿಸ್ಕೊಳ್ಳಿ.

ಮೂರನೇದು ಅಡುಗೆಗೆ ಸಂಬಂಧಪಟ್ಟಿದ್ದು. ಕೆಂಪು ಬಣ್ಣ ಬೀಟ್‌ರೂಟಿನದ್ದೇ ಬಣ್ಣ, ನೀರಲ್ಲಿ ಬಿಡತ್ತೆ. ಮೊದಲ ವರ್ಷ ಕೆಂಪು ದಂಟಿನದ್ದು ಹಾಕಿ ಬಸ್ಸಾರು ಮಾಡಿದೆ, ಬಸಿದ ಕಟ್ಟು ಪೂರ್ತಿ ಗುಲಾಬಿ, ತೊಗರಿಬೇಳೆ ಕೂಡ ಗುಲಾಬಿ, ನಮ್ಮತ್ತೆ ಮುದ್ದೆ ಮುರಿದು ಅದ್ದೋಕೆ ಮುಂಚೆ ಎರಡು ಸಲ ತಟ್ಟೆ ನೋಡಿದ್ರು. ರುಚಿ ಏನೂ ಕೆಟ್ಟಿರ್ಲಿಲ್ಲ, ತಿಂದ್ರು, ಆದ್ರೆ ಮುಂದಿನ ಸಲ ಬಿಳೀದೇ ಹಾಕು ಅಂದ್ರು. ಅದಕ್ಕೆ ಈಗ ಬಸ್ಸಾರು, ಮಸ್ಸೊಪ್ಪಿಗೆ ಬಿಳಿ ದಂಟಿಂದು, ಪಲ್ಯ, ಪರೋಟ, ಚಿತ್ರಾನ್ನದ ಒಗ್ಗರಣೆಗೆ ಬಣ್ಣದ್ದು ಅಂತ ಇಟ್ಕೊಂಡಿದೀನಿ. ಹಳದಿ ದಂಟು ಹುಳೀಲಿ ಹಾಕಿದ್ರೆ ಏನೂ ಗೊತ್ತಾಗಲ್ಲ, ಅರಿಶಿನದ ಜೊತೆ ಸೇರಿ ಹೋಗತ್ತೆ.

ಪೂರ್ತಿ ಕೆಂಪು ಒಂದೇ ಬೇಕಂದ್ರೆ?

ರೂಬಿ ರೆಡ್ ಅಥವಾ ರೂಬಾರ್ಬ್ ಚಾರ್ಡ್. ಮಣ್ಣಿನ ರುಚಿ ಅಂತೀವಲ್ಲ, ಬೀಟ್‌ರೂಟಲ್ಲಿ ಇರತ್ತಲ್ಲ, ಅದು ನನ್ನ ನಾಲಿಗೆಗೆ ಕೆಂಪು ತಳಿಯಲ್ಲಿ ಜಾಸ್ತಿ. ಬೀಟ್‌ರೂಟ್ ಇಷ್ಟ ಇಲ್ದೋರು ಇದನ್ನ ಬಿಟ್ಬಿಡಿ.

ನಮ್ಮನೇಲಿ ಯಾರೂ ದಂಟು ತಿನ್ನಲ್ಲ, ಬರೀ ಎಲೆ ಸಾಕು

ಪರ್ಪೆಚುವಲ್ ಸ್ಪಿನಾಚ್ ಹುಡುಕಿ. ಹೆಸರಲ್ಲಿ ಸ್ಪಿನಾಚ್ ಇದ್ರೂ ಇದು ಚಾರ್ಡ್ ಗುಂಪಿಂದೇ, ದಂಟು ತೆಳ್ಳಗೆ, ಹಸಿರು, ಎಲೆ ನಯ, ರುಚಿ ನಮ್ಮ ಪಾಲಕ್ಕಿಗೆ ತುಂಬಾ ಹತ್ರ. ಪಾಲಕ್ ಪನೀರು, ದಾಲ್, ಚಪಾತಿ ಹಿಟ್ಟಿಗೆ ಕಲಸೋದು ಎಲ್ಲಕ್ಕೂ ಸರಿ. ಮಕ್ಕಳಿರೋ ಮನೆಗೆ ನಾನು ಮೊದಲು ಹೇಳೋದು ಇದನ್ನೇ, ಬಣ್ಣದ್ದಲ್ಲ. ಬಣ್ಣ ನೋಡಿ ಮಕ್ಕಳು ಖುಷಿ ಪಡ್ತಾರೆ ನಿಜ, ತಟ್ಟೇಲಿ ದಪ್ಪ ದಂಟು ಕಂಡ ಕೂಡ್ಲೇ ಪಕ್ಕಕ್ಕೆ ಇಡ್ತಾರೆ.

ಲುಕಲಸ್, ಪೆಪ್ಪರ್‌ಮಿಂಟ್ ಅಂತೆಲ್ಲ ಸಿಗತ್ತಲ್ಲ?

ಲುಕಲಸ್ ಒಳ್ಳೇದು. ಊಟೋಪಚಾರಕ್ಕೆ ಹೆಸರಾಗಿದ್ದ ಒಬ್ಬ ರೋಮನ್ ಸೇನಾಪತಿ ಹೆಸರು ಅದು. ಎಲೆ ತಿಳಿ ಹಸಿರು, ಸುಕ್ಕು ಜಾಸ್ತಿ, ಫೋರ್ಡ್‌ಹುಕ್‌ಗಿಂತ ಮೃದು, ಬಿಸಿಲೂ ತಡೆಯತ್ತೆ. ಸಿಕ್ರೆ ಬಿಡ್ಬೇಡಿ. ಪೆಪ್ಪರ್‌ಮಿಂಟ್ ದಂಟಲ್ಲಿ ಬಿಳಿ ಮೇಲೆ ಗುಲಾಬಿ ಗೆರೆ ಇರತ್ತೆ, ಹೆಸರು ಆ ಗೆರೆಗೆ ಬಂದಿದ್ದು, ಪುದೀನ ರುಚಿ ಏನೂ ಇರಲ್ಲ.

ನಮ್ಮೂರಲ್ಲಿ ಆಗತ್ತಾ? ಯಾವಾಗ ಹಾಕ್ಬೇಕು?

ಬೆಂಗಳೂರು, ಮೈಸೂರು, ಹಾಸನ, ತುಮಕೂರು ಕಡೆ ಆರಾಮಾಗಿ ಆಗತ್ತೆ. ದಸರಾ ಆಸುಪಾಸು ಬೀಜ ಹಾಕಿದ್ರೆ ಸಂಕ್ರಾಂತಿ ಹೊತ್ತಿಗೆ ಗಿಡ ಪೂರ್ತಿ ಜೋರಲ್ಲಿರತ್ತೆ, ಶಿವರಾತ್ರಿವರೆಗೂ ಒಳ್ಳೇ ಕಾಲ. ಜೂನ್-ಜುಲೈನಲ್ಲೂ ಹಾಕ್ಬೋದು ಆದ್ರೆ ಮಳೆ ಜೋರಿದ್ರೆ ಎಲೆ ಮೇಲೆ ಚುಕ್ಕೆ ಬರತ್ತೆ. ಏಪ್ರಿಲಲ್ಲಿ ಬಿಸಿಲು 34-35 ಡಿಗ್ರಿ ಮುಟ್ಟಿದಾಗ ಮಧ್ಯಾಹ್ನ ಎಲೆ ಬಾಡಿ ನೆಲಕ್ಕೆ ಬಿದ್ದಿರತ್ತೆ, ಗಾಬರಿ ಆಗ್ಬೇಡಿ, ಸಂಜೆ ಸರಿ ಹೋಗತ್ತೆ, ಅರ್ಧ ಬಿಸಿಲು ತಡೆಯೋ 50 ಪರ್ಸೆಂಟಿನ ಹಸಿರು ನೆಟ್ ಕಟ್ಟಿದ್ರೆ ಇನ್ನೂ ವಾಸಿ.

ಕೊಡಗು, ಚಿಕ್ಕಮಗಳೂರು ಹವೆ ಇದಕ್ಕೆ ತುಂಬ ಇಷ್ಟ, ಮಳೆಗಾಲ ಬಿಟ್ಟು ಯಾವಾಗ ಬೇಕಾದ್ರೂ ಹಾಕಿ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯೋರು ಅಕ್ಟೋಬರಲ್ಲಿ ಹಾಕಿ ಫೆಬ್ರವರಿಗೆ ಮುಗಿಸಿಬಿಡಿ, ಬೇಸಿಗೇಲಿ ಉಳಿಸೋಕೆ ಒದ್ದಾಡೋದು ಬೇಡ, ಅಲ್ಲಿ ಫೋರ್ಡ್‌ಹುಕ್ ಅಥವಾ ಲುಕಲಸ್ ಬಿಟ್ಟು ಬೇರೇದು ನಾನು ಹೇಳಲ್ಲ. ಮಂಗಳೂರು, ಉಡುಪಿ, ಕಾರವಾರದೋರಿಗೆ ಮನಸ್ಸಿಂದ ಹೇಳ್ತೀನಿ, ನಿಮ್ಮ ಬಸಳೆ, ಹರಿವೆ ಮುಂದೆ ಇದು ನಿಲ್ಲಲ್ಲ. ಆಸೆ ಇದ್ರೆ ಡಿಸೆಂಬರ್, ಜನವರೀಲಿ ಎರಡು ಕುಂಡ ಹಾಕಿ ನೋಡಿ.

ಒಂದು ಬೀಜ ಹಾಕಿದ್ದಕ್ಕೆ ಮೂರು ಸಸಿ ಬಂದಿದೆ, ಯಾಕೆ?

ನೀವು ಬೀಜ ಅಂತ ಹಾಕಿದ್ದು ಒಂದು ಬೀಜ ಅಲ್ಲ, ಎರಡು ಮೂರು ನಾಲ್ಕು ಬೀಜ ಅಂಟ್ಕೊಂಡಿರೋ ಗಂಟು. ಬೀಟ್ ಮನೆತನದಲ್ಲಿ ಸಾಮಾನ್ಯವಾಗಿ ಹೀಗೇ. ರಾತ್ರಿ ನೀರಲ್ಲಿ ನೆನೆಸಿ, ಬೆಳಗ್ಗೆ ಅರ್ಧ ಇಂಚು ಆಳಕ್ಕೆ ಹಾಕಿ, ವಾರ ಹತ್ತು ದಿನದಲ್ಲಿ ಮೊಳಕೆ ಬರತ್ತೆ. ಮೊಳಕೆಯ ಮೊದಲ ಜೋಡಿ ಎಲೆ ಬಿಟ್ಟು ಇನ್ನೆರಡು ನಿಜವಾದ ಎಲೆ ಬಂದ ಮೇಲೆ ಒಂದನ್ನ ಉಳಿಸಿ ಉಳಿದಿದ್ದನ್ನ ಕತ್ತರೀಲಿ ಬುಡಕ್ಕೆ ಕತ್ತರಿಸಿ, ಕಿತ್ರೆ ಉಳಿಯೋ ಸಸಿ ಬೇರೂ ಅಲ್ಲಾಡತ್ತೆ. ಕತ್ತರಿಸಿದ್ದನ್ನ ಕೋಸಂಬರಿಗೆ ಹಾಕಿ. ಬ್ರೈಟ್ ಲೈಟ್ಸಲ್ಲಿ ಒಂದೇ ಗಂಟಿಂದ ಎರಡು ಬಣ್ಣದ ಸಸಿ ಬರೋದೂ ಉಂಟು, ಆಗ ಮಾತ್ರ ಮೆತ್ತಗೆ ಬಿಡಿಸಿ ಬೇರೆ ನೆಡಿ, ಎಳೇದಿದ್ದಾಗ ಬದುಕತ್ತೆ.

ಕುಂಡ ಎಷ್ಟು ದೊಡ್ಡದು ಬೇಕು?

ಇದೂ ತಳಿ ಮೇಲೇನೇ. ಫೋರ್ಡ್‌ಹುಕ್‌ಗೆ 12 ಇಂಚು ಅಗಲ, 12 ಇಂಚು ಆಳದ ಗ್ರೋ ಬ್ಯಾಗಿಗೆ ಒಂದೇ ಗಿಡ, ಪ್ಲೀಸ್ ಎರಡು ತುರುಕಬೇಡಿ. ಬ್ರೈಟ್ ಲೈಟ್ಸ್ ಆದ್ರೆ ಅಷ್ಟೇ ಜಾಗದಲ್ಲಿ ಎರಡು ಹಿಡಿಯತ್ತೆ. ಪರ್ಪೆಚುವಲ್ ಸ್ಪಿನಾಚ್ ಪಾಲಕ್ ತರ ಉದ್ದದ ಟ್ರೇನಲ್ಲಿ ಒತ್ತೊತ್ತಾಗಿ ಹಾಕಿ ಎಳೇದ್ರಲ್ಲೇ ಕುಯ್ಕೋಬೋದು. ಮಣ್ಣಿಗೆ ನಾನು ಹಾಕೋದು ಅರ್ಧ ಕೆಮ್ಮಣ್ಣು, ಕಾಲು ಭಾಗ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಕಾಲು ಭಾಗ ಎರೆಗೊಬ್ಬರ, ಮೇಲೊಂದು ಹಿಡಿ ಬೇವಿನ ಹಿಂಡಿ. ತಿಂಗಳಿಗೊಂದ್ಸಲ ಎರಡು ಹಿಡಿ ಕೊಟ್ಟಿಗೆ ಗೊಬ್ಬರ. ಎಲೆ ಮುರಿಯುವಾಗ ಬುಡದಿಂದ ಪಕ್ಕಕ್ಕೆ ತಿರುವಿ ಮುರೀರಿ, ಒಳಗಿನ ನಾಲ್ಕೈದು ಎಲೆ ಯಾವಾಗ್ಲೂ ಗಿಡಕ್ಕೇ ಬಿಡಿ.

ನಮ್ಮದು ಬೋರ್‌ವೆಲ್ ನೀರು, ಉಪ್ಪುಪ್ಪು. ಸಾಯತ್ತಾ?

ಸಮುದ್ರದ ದಡದ ಗಿಡದಿಂದ ಬಂದಿದ್ದು ಅಂದ್ನಲ್ಲ, ಬೇರೆ ತುಂಬ ತರಕಾರಿಗಿಂತ ಉಪ್ಪನ್ನ ಚೆನ್ನಾಗೇ ತಡ್ಕೊಳತ್ತೆ. ಆದ್ರೆ ಮೊಳಕೆ ಬರುವಾಗ, ಸಸಿ ಎಳೇದಿದ್ದಾಗ ಮಳೆ ನೀರೋ ಕಾವೇರಿ ನೀರೋ ಕೊಡಿ, ಗಿಡ ನಿಂತ ಮೇಲೆ ಬೋರ್ ನೀರು ನಡೆಯತ್ತೆ. ಕುಂಡದ ಅಂಚಲ್ಲಿ ಬಿಳಿ ಪದರ ಕಟ್ಟಿದ್ರೆ ಒಂದಿನ ಒಳ್ಳೇ ನೀರು ಧಾರಾಳವಾಗಿ ಹಾಕಿ ತಳದ ತೂತಿಂದ ಹರಿದು ಹೋಗೋಕೆ ಬಿಡಿ.

ಹುಳ, ರೋಗ ಬರದೇ ಇರೋ ತಳಿ ಯಾವ್ದಾದ್ರೂ ಇದ್ಯಾ?

ಇಲ್ಲ. ಎಲೆ ಮೇಲೆ ಬೆಳ್ಳಗೆ ಅಂಕುಡೊಂಕು ಗೆರೆ ಎಳೆಯೋ ರಂಗೋಲಿ ಹುಳು ಎಲ್ಲ ತಳಿಗೂ ಬರತ್ತೆ, ಬೆಳಕಿಗೆ ಹಿಡಿದ್ರೆ ಗೆರೆ ಕೊನೇಲಿ ಸಣ್ಣ ಹುಳ ಕಾಣತ್ತೆ, ಅಲ್ಲೇ ಬೆರಳಲ್ಲಿ ಹಿಸುಕಿ, ಜಾಸ್ತಿ ಇದ್ರೆ ಎಲೆ ಕಿತ್ತು ಕವರಲ್ಲಿ ಕಟ್ಟಿ ಎಸೀರಿ, ಕಾಂಪೋಸ್ಟಿಗೆ ಹಾಕ್ಬೇಡಿ. ಮಳೆಗಾಲದಲ್ಲಿ ಕಂದು ಚುಕ್ಕೆ, ಸುತ್ತ ಕೆಂಪು ಉಂಗುರ, ಅದು ಎಲೆ ಚುಕ್ಕೆ ರೋಗ, ಶಿಲೀಂಧ್ರ. ಎಲೆ ಮೇಲೆ ನೀರು ಹುಯ್ಯೋದು ನಿಲ್ಸಿ ಬುಡಕ್ಕೆ ಹಾಕಿ, ಕುಂಡಗಳನ್ನ ದೂರ ದೂರ ಇಡಿ, ಗಾಳಿ ಆಡ್ಲಿ. ಬೀಟ್‌ರೂಟ್, ಪಾಲಕ್ ಬೆಳೆದಿದ್ದ ಮಣ್ಣಲ್ಲೇ ಮತ್ತೆ ಇದನ್ನ ಹಾಕ್ಬೇಡಿ, ರೋಗ ಮೂರಕ್ಕೂ ಒಂದೇ. ಬಸವನಹುಳು ನೆಲದ ತೋಟದೋರಿಗೆ ದೊಡ್ಡ ಕಾಟ, ರಾತ್ರಿ ಟಾರ್ಚ್ ಹಿಡ್ಕೊಂಡು ಆರಿಸೋದೇ ದಾರಿ.

ಪ್ಯಾಕೆಟಲ್ಲಿ ಒಂದು, ಬಂದಿದ್ದು ಇನ್ನೊಂದು ಆಯ್ತು. ಏನ್ಮಾಡೋದು?

ನನಗೂ ಆಗಿದೆ. ಬಣ್ಣಬಣ್ಣದ ದಂಟಿನ ರೇನ್‌ಬೋ ಚಾರ್ಡ್ ಅಂತ ಆನ್‌ಲೈನಲ್ಲಿ ತರಿಸಿದ್ದ ಒಂದು ಪ್ಯಾಕೆಟ್, ಹನ್ನೆರಡು ಕುಂಡಕ್ಕೆ ಹಾಕಿದೆ, ಎರಡು ತಿಂಗಳು ನೀರು ಗೊಬ್ಬರ ಎಲ್ಲಾ ಆದ್ಮೇಲೆ ಹನ್ನೆರಡೂ ಮಾಮೂಲಿ ಪಾಲಕ್. ಬೀಜ ಒಂದೇ ತರ ಇರೋದ್ರಿಂದ ನೋಡಿ ಗೊತ್ತು ಮಾಡೋಕಾಗಲ್ಲ, ತುಂಬ ಬೇಜಾರಾಯ್ತು. ಈಗ ತಳಿ ಹೆಸರು, ಲಾಟ್ ನಂಬರು, ಪ್ಯಾಕ್ ಮಾಡಿದ ತಾರೀಕು ಇಲ್ಲದ ಪ್ಯಾಕೆಟ್ ತಗೊಳ್ಳೋದೇ ಇಲ್ಲ, ರೇನ್‌ಬೋ ಅಂತಷ್ಟೇ ಇದ್ರೆ ಯಾವ ತಳಿ ಅಂತ ಕೇಳ್ತೀನಿ. ಹೊಸ ಪ್ಯಾಕೆಟ್ ಬಂದ್ರೆ ಮೊದಲು ಹತ್ತು ಗಂಟು ಒದ್ದೆ ಬಟ್ಟೇಲಿ ಮೊಳಕೆ ಕಟ್ಟಿ ಬಣ್ಣ ನೋಡಿ ಆಮೇಲೆ ಕುಂಡಕ್ಕೆ. ಒಣಗಿದ ತಂಪು ಜಾಗದಲ್ಲಿಟ್ರೆ ಬೀಜ ನಾಲ್ಕು ವರ್ಷ ಬರತ್ತೆ, ಎಲ್ಲಾ ಒಂದೇ ಸಲ ಸುರೀಬೇಡಿ.

ಕಿಡ್ನಿ ಸ್ಟೋನ್ ಇರೋರು ತಿನ್ಬೋದಾ?

ಇದ್ರಲ್ಲಿ ಕಿಡ್ನೀಲಿ ಕಲ್ಲು ಕಟ್ಟೋಕೆ ಕಾರಣವಾಗೋ ಆಕ್ಸಲೇಟ್ ಅನ್ನೋ ಅಂಶ ಜಾಸ್ತಿ, ಪಾಲಕ್ ತರಾನೇ, ಯಾವ ಬಣ್ಣ ತಗೊಂಡ್ರೂ ಅಷ್ಟೇ. ಕಲ್ಲಾಗಿದ್ದೋರು ಡಾಕ್ಟರನ್ನ ಕೇಳದೇ ಶುರು ಮಾಡ್ಬೇಡಿ. ನೀರಲ್ಲಿ ಬೇಯ್ಸಿ ಆ ನೀರು ಚೆಲ್ಲಿದ್ರೆ ಸ್ವಲ್ಪ ಹೋಗತ್ತೆ ನಿಜ, ಆದ್ರೆ ನಾವು ಬಸ್ಸಾರಲ್ಲಿ ಮಾಡೋದು ಉಲ್ಟಾ, ಬಸಿದ ನೀರಲ್ಲೇ ಸಾರು ಮಾಡ್ತೀವಿ, ಅಂದ್ರೆ ಆ ಆಕ್ಸಲೇಟ್ ಸಾರಲ್ಲೇ ಇರತ್ತೆ. ಅಂಥೋರಿಗೆ ಬಸ್ಸಾರು ಬೇಡ. ವಿಟಮಿನ್ ಕೆ ಕೂಡ ತುಂಬಾ ಇರೋದ್ರಿಂದ ರಕ್ತ ತೆಳುವಾಗೋಕೆ ವಾರ್ಫರಿನ್ ಮಾತ್ರೆ ತಗೊಳ್ಳೋರೂ ಡಾಕ್ಟರಿಗೆ ಹೇಳಿ.

ನಾವು ಆಸ್ಟ್ರೇಲಿಯಾದಲ್ಲಿದೀವಿ, ಇಲ್ಲಿ ಈ ಹೆಸರೇ ಕೇಳಿಲ್ಲ

ನಿಮ್ಮಲ್ಲಿ ಸಿಲ್ವರ್‌ಬೀಟ್ ಅಂತಾರೆ, ತರಕಾರಿ ಅಂಗಡೀಲಿ ದೊಡ್ಡ ಕಟ್ಟು ಇರತ್ತಲ್ಲ ಅದೇ. ಊರಿನ ದಂಟು, ಹರಿವೆ ನೆನಪಾದಾಗ ಅದ್ರಲ್ಲಿ ಹುಳಿ ಮಾಡಿ ನೋಡಿ.

ಬೀಜ ನಾವೇ ಉಳಿಸ್ಕೋಬೋದಾ?

ಬೆಂಗಳೂರಲ್ಲಿ ಕಷ್ಟ. ಇದು ಎರಡು ವರ್ಷದ ಗಿಡ, ಮೊದಲ ವರ್ಷ ಎಲೆ, ಹಲವು ವಾರ ಒಳ್ಳೇ ಚಳಿ ಕಂಡ ಮೇಲೆ ಹೂವಿನ ಕಾಂಡ ಎತ್ತತ್ತೆ. ನಮ್ಮ ಚಳಿಗಾಲದ ಚಳಿ ಇದಕ್ಕೆ ಸಾಲಲ್ಲ, ಹಾಗಾಗಿ ಸಾಮಾನ್ಯವಾಗಿ ಹೂ ಬಿಡೋದೇ ಇಲ್ಲ. ಸೊಪ್ಪು ಬೇಕಾದೋರಿಗೆ ಇದೇ ಲಾಭ ನೋಡಿ, ಹೂ ಬಿಟ್ರೆ ಎಲೆ ಕಹಿಯಾಗತ್ತೆ, ಬಿಡದೇ ಇದ್ರೆ ಎಲೆ ಕೊಡ್ತಾನೇ ಇರತ್ತೆ. ಊಟಿ, ಕೊಡೈಕನಾಲ್ ತರ ಚಳಿ ಊರಲ್ಲಿ ನೆಂಟರಿದ್ರೆ ಅವ್ರಿಗೆ ಎರಡು ಸಸಿ ಕೊಟ್ಟು ನೋಡಿ. ಆದ್ರೆ ಪರಾಗ ಗಾಳೀಲಿ ಹಾರತ್ತೆ, ಹತ್ರದಲ್ಲಿ ಬೀಟ್‌ರೂಟೋ ಪಾಲಕ್ಕೋ ಹೂ ಬಿಟ್ಟಿದ್ರೆ ಬೆರಕೆ ಆಗತ್ತೆ, ಮುಂದಿನ ವರ್ಷ ಫೋರ್ಡ್‌ಹುಕ್ ಹಾಕಿದೆ ಅಂದ್ಕೊಂಡ್ರೆ ಕೆಂಪು ನರದ್ದು ಬರತ್ತೆ. ಪಾಲಕ್ ಹಾಗಲ್ಲ, ನಮ್ಮ ಹವೇಲೇ ಹೂ ಬಿಟ್ಟು ಬೀಜ ಕೊಡತ್ತೆ. ಅದಕ್ಕೆ ನಾನು ಪಾಲಕ್ ಬೀಜ ಮನೇಲೇ ಮಾಡ್ಕೋತೀನಿ, ಚಾರ್ಡ್ ಬೀಜ ಎರಡು ವರ್ಷಕ್ಕೊಂದ್ಸಲ ಕೊಂಡ್ಕೋತೀನಿ, ಎರಡೂ ಡಬ್ಬಿ ಮೇಲೆ ಹೆಸರು ದೊಡ್ಡದಾಗಿ ಬರ್ದಿಡ್ತೀನಿ.